‘ಭಯೋತ್ಪಾದನೆ ಇಳಿದಿದೆ’ ಎಂಬ ಸರ್ಕಾರಿ ಅಂಕಿಯನ್ನು ನಾನು ಪರಿಶೀಲಿಸುವ ಬಗೆ

ಭಯೋತ್ಪಾದನೆ ವಿರುದ್ಧದ ಸಮರದಲ್ಲಿ ಗೆಲ್ಲುತ್ತಿದ್ದೇವೆ ಎಂದು ಯಾವುದೇ ಸರ್ಕಾರ ಹೇಳಿದಾಗ ನಾನು ಪತ್ರಿಕಾ ಹೇಳಿಕೆಯನ್ನು ಪಕ್ಕಕ್ಕಿಟ್ಟು ನೇರವಾಗಿ ವರದಿಯ ಅನುಬಂಧಕ್ಕೆ ಹೋಗುತ್ತೇನೆ. ಒಟ್ಟು ಸಂಖ್ಯೆ ಮುನ್ನುಡಿಯಲ್ಲೇ ಸಿಗುತ್ತದೆ. ಅದನ್ನು ಯಾವ ಘಟನೆಗಳನ್ನು ಕೂಡಿಸಿ ತೆಗೆದರು ಎಂಬುದು ಕೊನೆಯ ಪುಟಗಳಲ್ಲಿರುತ್ತದೆ. ಈ ಕೆಲಸ ಕಲಿಯಬೇಕೆನ್ನುವವರಿಗೆ ಜಾಗತಿಕ ಭಯೋತ್ಪಾದನೆ ಕುರಿತು ಅಮೆರಿಕದ ವಿದೇಶಾಂಗ ಇಲಾಖೆ ತಂದ 2003ನೇ ಸಾಲಿನ ವರದಿಯನ್ನು ಮೊದಲು ಕೊಡುತ್ತೇನೆ.

2004ರ ಏಪ್ರಿಲ್‌ನಲ್ಲಿ ಬಂದ ಆ ವರದಿಯ ಪ್ರಕಾರ 2003ರಲ್ಲಿ ನಡೆದ ಅಂತರರಾಷ್ಟ್ರೀಯ ಭಯೋತ್ಪಾದಕ ದಾಳಿಗಳು 190. 1969ರಿಂದೀಚೆಗೆ ಅತಿ ಕಡಿಮೆ. ಉಪ ವಿದೇಶಾಂಗ ಕಾರ್ಯದರ್ಶಿ ರಿಚರ್ಡ್ ಆರ್ಮಿಟೇಜ್ ಇದನ್ನೇ ಗೆಲುವಿನ ಸ್ಪಷ್ಟ ಪುರಾವೆ ಎಂದರು.

ಪರಿಶೀಲನೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ದಿನಾಂಕ, ಊರು, ದೇಶ, ಸತ್ತವರು, ಗಾಯಗೊಂಡವರು, ದಾಳಿಯ ವರ್ಗ, ವರದಿಯ ಪುಟ ಸಂಖ್ಯೆ ಎಂದು ಏಳು ಕಾಲಂ ಮಾಡಿ, ಅನುಬಂಧದಲ್ಲಿರುವ ಘಟನೆಗಳನ್ನು ಒಂದೊಂದಾಗಿ ತುಂಬಿ. ಬೇಸರದ ಕೆಲಸ ಹೌದು, ಆದರೆ ಬೇರೆಯವರು ಮಾಡಿದ ಪಟ್ಟಿ ನಂಬಿದರೆ ಅವರ ತಪ್ಪೂ ನಿಮ್ಮದಾಗುತ್ತದೆ. ತುಂಬಿದ ಮೇಲೆ ದಿನಾಂಕದ ಪ್ರಕಾರ ಜೋಡಿಸಿ ಕೊನೆಯ ಸಾಲು ನೋಡಿ. 2003ರ ಪಟ್ಟಿ ನವೆಂಬರ್ 11ಕ್ಕೇ ನಿಂತಿತ್ತು! ವರ್ಷ ಮುಗಿಯಲು ಇನ್ನೂ ಏಳು ವಾರ ಇತ್ತು. ನವೆಂಬರ್ 15ರಂದು ಇಸ್ತಾಂಬುಲ್‌ನ ಎರಡು ಯಹೂದಿ ಪ್ರಾರ್ಥನಾ ಮಂದಿರಗಳ ಮೇಲೆ, 20ರಂದು ಅಲ್ಲಿನ ಬ್ರಿಟಿಷ್ ದೂತಾವಾಸ ಮತ್ತು ಎಚ್‌ಎಸ್‌ಬಿಸಿ ಬ್ಯಾಂಕಿನ ಮೇಲೆ ನಡೆದ ಬಾಂಬ್ ದಾಳಿಗಳು ಪಟ್ಟಿಯಲ್ಲೇ ಇರಲಿಲ್ಲ.

ಎರಡನೆಯದು ವರ್ಗದ ಕಾಲಂ. ವರದಿ ದಾಳಿಗಳನ್ನು ‘ಗಂಭೀರ’ ಮತ್ತು ಉಳಿದವು ಎಂದು ವಿಂಗಡಿಸಿ, ಎರಡನ್ನೂ ಕೂಡಿಸಿ ಒಟ್ಟು ಕೊಡುತ್ತಿತ್ತು. ಬಿಡಿಸಿ ನೋಡಿದರೆ ಗಂಭೀರ ದಾಳಿಗಳು 2001ರ 124ರಿಂದ 2003ಕ್ಕೆ 169ಕ್ಕೆ ಏರಿದ್ದವು. ಅದೇ ಅವಧಿಯಲ್ಲಿ ಉಳಿದವು 231ರಿಂದ 21ಕ್ಕೆ ಕುಸಿದಿದ್ದವು. ಇಷ್ಟು ಕುಸಿತ ಎಲ್ಲಿಂದ? ಹಿಂದಿನ ವರದಿಗಳಲ್ಲೇ ಉತ್ತರವಿದೆ. 2001ರಲ್ಲಿ ಕೊಲಂಬಿಯಾದ ತೈಲ ಪೈಪ್‌ಲೈನ್ ಮೇಲೆ 178 ಸ್ಫೋಟಗಳಾಗಿದ್ದವು, 2002ರಲ್ಲಿ 41. ಆ ವರ್ಷ ಒಟ್ಟು ದಾಳಿಗಳು 355ರಿಂದ 199ಕ್ಕೆ ಇಳಿದಿದ್ದವು. ಇಳಿದ 156ರಲ್ಲಿ 137 ಆ ಪೈಪ್‌ಲೈನ್‌ನದೇ. ಅಲ್ ಖೈದಾ ವಿರುದ್ಧದ ಯುದ್ಧಕ್ಕೂ ಅದಕ್ಕೂ ಏನು ಸಂಬಂಧ?

ಅರ್ಥಶಾಸ್ತ್ರಜ್ಞ ಆಲನ್ ಕ್ರೂಗರ್ ಮತ್ತು ರಾಜ್ಯಶಾಸ್ತ್ರಜ್ಞ ಡೇವಿಡ್ ಲೈಟಿನ್ 2004ರ ಮೇನಲ್ಲಿ ಪಟ್ಟಿಯ ಈ ದೋಷಗಳನ್ನು ಬಯಲಿಗೆಳೆದರು. ಅದಕ್ಕೆ ಗುಪ್ತ ದಾಖಲೆ ಏನೂ ಬೇಕಾಗಲಿಲ್ಲ. ಸರ್ಕಾರವೇ ಅಚ್ಚು ಹಾಕಿಸಿದ ಪುಟಗಳು ಸಾಕಾದವು. ಜೂನ್‌ನಲ್ಲಿ ತಿದ್ದುಪಡಿ ಬಂತು: ದಾಳಿ 208, ಸತ್ತವರು 307 ಅಲ್ಲ, 625. ತಿದ್ದಿದ ಪಟ್ಟಿಯಲ್ಲಿ 2002ರ ಸಂಖ್ಯೆ 205. ಅಂದರೆ ಇಳಿಕೆಯೇ ಆಗಿರಲಿಲ್ಲ.

ಮೂರನೆಯದಾಗಿ ವ್ಯಾಖ್ಯೆ ಓದಿ. ಆಗಿನ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ದೇಶದ ಪ್ರಜೆಗಳು ಅಥವಾ ನೆಲ ಒಳಗೊಂಡಿದ್ದರೆ ಮಾತ್ರ ದಾಳಿ ‘ಅಂತರರಾಷ್ಟ್ರೀಯ’. ಸ್ವಂತ ದೇಶದವರ ಕೈಯಲ್ಲೇ ಸ್ವಂತ ದೇಶದವರು ಎಷ್ಟು ಸತ್ತರೂ ಅದು ಲೆಕ್ಕಕ್ಕಿಲ್ಲ. ಇರಾಕ್‌ನಲ್ಲಿ ಯುದ್ಧನಿರತ ಸೈನಿಕರ ಮೇಲಾದ ದಾಳಿಗಳೂ ಹೊರಗೆ. 2004ನೇ ಸಾಲಿಗೆ ಗಂಭೀರ ದಾಳಿಗಳು 651ಕ್ಕೆ ಜಿಗಿದವು, ಇರಾಕ್‌ನಲ್ಲೇ 22ರಿಂದ 198ಕ್ಕೆ. ಆ ವರ್ಷ ವಿದೇಶಾಂಗ ಇಲಾಖೆ ತನ್ನ ವರದಿಯಿಂದ ಅಂಕಿಗಳನ್ನೇ ಕೈಬಿಟ್ಟಿತು. ಅವು ಬೇರೆ ಸಂಸ್ಥೆಯ ಮೂಲಕ ಹೊರಬಂದವು. ಎಣಿಕೆಯ ವಿಧಾನವೂ ಬದಲಾದದ್ದರಿಂದ 2003ರ ಅಂಕಿಯನ್ನು 2005ರದರ ಪಕ್ಕದಲ್ಲಿಟ್ಟು ಒಂದೇ ಗ್ರಾಫ್ ಎಳೆಯಬೇಡಿ. ವಿಧಾನ ಬದಲಾದ ಕಡೆ ಗೆರೆ ಕಡಿದು, ಕೆಳಗೆ ಕಾರಣ ಬರೆಯಿರಿ.

ಭಾರತದ ಅಂಕಿಗಳಲ್ಲಿ ನಾನು ಹೆಚ್ಚು ಎಡವಟ್ಟು ಕಂಡಿರುವುದು ಅವಧಿಯ ಆಯ್ಕೆಯಲ್ಲಿ. ಜಮ್ಮು ಮತ್ತು ಕಾಶ್ಮೀರದ ಬಗ್ಗೆ ದಶಕಕ್ಕೆ ದಶಕ ಹೋಲಿಸಿ ‘ಇಷ್ಟು ಶೇಕಡಾ ಇಳಿಕೆ’ ಎನ್ನುವುದು ರೂಢಿ. ಗೃಹ ಸಚಿವಾಲಯದ ವಾರ್ಷಿಕ ವರದಿಗಳನ್ನು ವರ್ಷವಾರು ಜೋಡಿಸಿದರೆ ಚಿತ್ರ ಬೇರೆ: ಘಟನೆಗಳು 2004ರಲ್ಲಿ 2,565, 2013ರಲ್ಲಿ 170, 2018ರಲ್ಲಿ 614. ಆಮೇಲೆ ಮತ್ತೆ ಇಳಿದವು. ದೊಡ್ಡ ಇಳಿಕೆ ಮೊದಲ ದಶಕದ ಒಳಗೇ ಆಗಿ, ನಡುವೆ ಏರಿಕೆಯೂ ಇತ್ತು ಎಂಬುದು ದಶಕದ ಮೊತ್ತದಲ್ಲಿ ಕಾಣುವುದೇ ಇಲ್ಲ. ಯಾವ ಪಕ್ಷದ ಸರ್ಕಾರವಾದರೂ ನಾನು ವರ್ಷವಾರು ಕೋಷ್ಟಕ ಇಲ್ಲದೆ ಶೇಕಡಾವಾರು ಒಪ್ಪುವುದಿಲ್ಲ.

ಇಷ್ಟೆಲ್ಲ ಮಾಡುವಾಗ ವರದಿಯ ಪಿಡಿಎಫ್ ಅನ್ನು ಬಿಡುಗಡೆಯಾದ ದಿನವೇ ಇಳಿಸಿಕೊಂಡು, ಫೈಲಿನ ಹೆಸರಿನಲ್ಲಿ ದಿನಾಂಕ ಹಾಕಿ. ತಿದ್ದಿದ ಪ್ರತಿ ಬಂದರೆ ಹಳೆಯದನ್ನು ಅಳಿಸದೆ ಎರಡನ್ನೂ ಇಟ್ಟುಕೊಳ್ಳಿ. ಅಂಕಿಯೇ ನಿಂತುಹೋಗುವುದೂ ಉಂಟು. ಅಫ್ಘಾನಿಸ್ತಾನದಲ್ಲಿ ಸರ್ಕಾರದ ಹಿಡಿತದಲ್ಲಿದ್ದ ಜಿಲ್ಲೆಗಳ ಪಾಲು 2015ರ ನವೆಂಬರ್‌ನಲ್ಲಿ ಶೇ 72 ಇದ್ದದ್ದು 2018ರ ಅಕ್ಟೋಬರ್‌ಗೆ ಶೇ 53.8ಕ್ಕೆ ಇಳಿಯಿತು, ಮರುವರ್ಷ ಆ ಎಣಿಕೆಯನ್ನೇ ನಿಲ್ಲಿಸಿದ್ದಾಗಿ ಆ ದೇಶದ ಪುನರ್‌ನಿರ್ಮಾಣದ ಮೇಲ್ವಿಚಾರಣೆಗೆಂದು ಅಮೆರಿಕ ಸರ್ಕಾರ ನೇಮಿಸಿದ್ದ ವಿಶೇಷ ಮಹಾನಿರೀಕ್ಷಕರ ತ್ರೈಮಾಸಿಕ ವರದಿ ತಿಳಿಸಿತು. ಇಂಥ ಕಡೆ ಶೀಟಿನ ಕೋಶವನ್ನು ಖಾಲಿ ಬಿಡಬೇಡಿ, ಸೊನ್ನೆಯನ್ನೂ ಹಾಕಬೇಡಿ. ‘ಪ್ರಕಟಣೆ ನಿಲ್ಲಿಸಲಾಗಿದೆ’ ಎಂದು ಬರೆದು, ಯಾವ ತಿಂಗಳಿಂದ ಎಂಬುದನ್ನೂ ನಮೂದಿಸಿ.