ಶ್ರೀಗಂಧದ ಎಣ್ಣೆಯ ಘಟಕಗಳನ್ನು ವಿಶ್ಲೇಷಿಸುವ ಕ್ರಮ

ಶ್ರೀಗಂಧದ ಚೇಗಿನಿಂದ ಬಟ್ಟಿ ಇಳಿಸಿದ ಎಣ್ಣೆಯ ಬೆಲೆ ಮುಖ್ಯವಾಗಿ ಆಲ್ಫಾ-ಸ್ಯಾಂಟಲಾಲ್ ಮತ್ತು ಬೀಟಾ-ಸ್ಯಾಂಟಲಾಲ್ ಎಂಬ ಎರಡು ಘಟಕಗಳನ್ನು ಅವಲಂಬಿಸಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) 2002ರ 3518 ಮಾನಕದ ಪ್ರಕಾರ ಮೊದಲನೆಯದು ಶೇ. 41ರಿಂದ 55, ಎರಡನೆಯದು ಶೇ. 16ರಿಂದ 24 ಇರಬೇಕು. ಇವನ್ನು ಅಳೆಯಲು, ಘಟಕಗಳನ್ನು ಆವಿಯಾಗಿಸಿ ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ತಕ್ಕ ವಿಧಾನವೇ ಆದರೂ ಯಂತ್ರ ಕೊಡುವ ಅಂಕಿಯನ್ನು ಪರೀಕ್ಷಿಸದೆ ಒಪ್ಪಬಾರದು.

ಎಣ್ಣೆಯಲ್ಲಿ ನೀರಿನ ಪಸೆ ಇದ್ದರೆ ನಿರ್ಜಲ ಸೋಡಿಯಂ ಸಲ್ಫೇಟ್ ಹಾಕಿ ಹೀರಿಸಿ, ಸೋಸಿ, ಹೆಕ್ಸೇನ್‌ನಲ್ಲಿ ಸುಮಾರು ಶೇ. 1ರ ದ್ರಾವಣ ಮಾಡಿಕೊಳ್ಳಿ. 30 ಮೀಟರ್ ಉದ್ದ, 0.25 ಮಿಲಿಮೀಟರ್ ಒಳವ್ಯಾಸವಿರುವ, ಶೇ. 5 ಫಿನೈಲ್ ಲೇಪನದ ಕಾಲಮ್ (ಆವಿ ಹಾದುಹೋಗುವ ಸಣ್ಣ ಕೊಳವೆ) ಸಾಕು. ಉಷ್ಣತೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಿಂದ 240 ಡಿಗ್ರಿಯವರೆಗೆ ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸಿದರೆ ಒಂದು ಗಂಟೆಯಲ್ಲಿ ಘಟಕಗಳು ಚೆನ್ನಾಗಿ ಬೇರ್ಪಡುತ್ತವೆ. ಅವಸರದಿಂದ ಬೇಗ ಏರಿಸಿದರೆ ಸ್ಯಾಂಟಲಾಲ್‌ಗಳ ನಡುವೆ ಬರುವ ಬರ್ಗಮೊಟಾಲ್‌ನಂಥ ಘಟಕಗಳ ಸಣ್ಣ ಪೀಕ್‌ಗಳು (ಯಂತ್ರದ ನಕ್ಷೆಯಲ್ಲಿ ಘಟಕವನ್ನು ತೋರಿಸುವ ಏರುಗಳು) ಪಕ್ಕದವುಗಳೊಂದಿಗೆ ಕೂಡಿಹೋಗಬಹುದು.

ಪೀಕ್‌ಗಳನ್ನು ಗುರುತಿಸುವಾಗ ಮಾಸ್ ಸ್ಪೆಕ್ಟ್ರಮ್ (ಅಣು ಒಡೆದು ಬರುವ ತುಣುಕುಗಳ ತೂಕದ ಮಾದರಿ) ಲೈಬ್ರರಿ ಸೂಚಿಸುವ ಮೊದಲ ಹೆಸರನ್ನೇ ಬರೆದುಕೊಳ್ಳುವ ರೂಢಿ ನಮ್ಮಲ್ಲಿ ಹೆಚ್ಚು, ಇದು ಸರಿಯಲ್ಲ. ಈ ಎಣ್ಣೆಯ ಸೆಸ್ಕ್ವಿಟರ್ಪೀನ್ ಆಲ್ಕೊಹಾಲ್‌ಗಳಲ್ಲಿ (ಸ್ಯಾಂಟಲಾಲ್‌ಗಳು ಸೇರಿದ, 15 ಇಂಗಾಲದ ಪರಮಾಣುಗಳಿರುವ ಗುಂಪು) ಬಹಳಷ್ಟಕ್ಕೆ ಅಣುತೂಕ 220 ಅಥವಾ 222 ಆಗಿದ್ದು, ಅವು ಒಡೆಯುವ ರೀತಿಯೂ ಒಂದನ್ನೊಂದು ಹೋಲುತ್ತದೆ. ಆದ್ದರಿಂದ ನೇರಸರಪಳಿಯ ಆಲ್ಕೇನ್‌ಗಳ (ಇಂಗಾಲ, ಜಲಜನಕ ಮಾತ್ರ ಇರುವ ಸಂಯುಕ್ತಗಳು) ಮಿಶ್ರಣವನ್ನು ಅದೇ ಸ್ಥಿತಿಯಲ್ಲಿ ಓಡಿಸಿ ಪ್ರತಿ ಪೀಕ್‌ನ ರಿಟೆನ್ಷನ್ ಇಂಡೆಕ್ಸ್ (ಆಲ್ಕೇನ್‌ಗಳಿಗೆ ಹೋಲಿಸಿದಾಗ ಪೀಕ್ ಯಾವಾಗ ಹೊರಬರುತ್ತದೆ ಎಂಬ ಸಂಖ್ಯೆ) ಲೆಕ್ಕ ಹಾಕಬೇಕು. ಈ ಕಾಲಮ್‌ನಲ್ಲಿ ಆಲ್ಫಾ-ಸ್ಯಾಂಟಲಾಲ್ 1675ರ ಆಸುಪಾಸಿನಲ್ಲಿ, ಬೀಟಾ-ಸ್ಯಾಂಟಲಾಲ್ 1715ರ ಆಸುಪಾಸಿನಲ್ಲಿ ಬರುತ್ತದೆ. ಇಂಡೆಕ್ಸ್ ಮತ್ತು ಸ್ಪೆಕ್ಟ್ರಮ್ ಎರಡೂ ಒಪ್ಪದಿದ್ದರೆ ಆ ಘಟಕವನ್ನು ‘ಗುರುತಿಸಿಲ್ಲ’ ಎಂದೇ ವರದಿಯಲ್ಲಿ ದಾಖಲಿಸಿ.

ಅತಿ ದೊಡ್ಡ ತಪ್ಪು ಆಗುವುದು ಶೇಕಡಾವಾರು ಓದುವಾಗ. ಯಂತ್ರವು ಕಂಡ ಪೀಕ್‌ಗಳ ವಿಸ್ತೀರ್ಣವನ್ನಷ್ಟೇ ಕೂಡಿಸಿ ಒಟ್ಟು ನೂರು ಎಂದು ಹಂಚುತ್ತದೆ. ಯಾರಾದರೂ ಹರಳೆಣ್ಣೆ ಬೆರೆಸಿದ್ದರೆ ಅದು ಆವಿಯಾಗದೆ ಮಾದರಿಯನ್ನು ಒಳಬಿಡುವ ಇಂಜೆಕ್ಟರ್‌ನಲ್ಲೇ ಬಹುಪಾಲು ಉಳಿಯುವುದರಿಂದ, ಕಾಲುಭಾಗ ಕಲಬೆರಕೆಯಾದ ಎಣ್ಣೆಯೂ ಕಾಗದದ ಮೇಲೆ ಮಾನಕಕ್ಕೆ ಸರಿಹೊಂದುವಂತೆ ತೋರಬಹುದು. ಹೀಗಾಗಿ ಎಣ್ಣೆಯನ್ನು ನಿಖರವಾಗಿ ತೂಗಿ, ಅದರ ಯಾವ ಪೀಕ್‌ನ ಮೇಲೂ ಬೀಳದ ಆಂತರಿಕ ಮಾನಕವೊಂದನ್ನು (ಹೋಲಿಕೆಗಾಗಿ ಸೇರಿಸುವ ಬೇರೊಂದು ವಸ್ತು) ತೂಗಿ ಸೇರಿಸಿ, ಶುದ್ಧ ಸ್ಯಾಂಟಲಾಲ್‌ನಿಂದ ಪಡೆದ ಪ್ರತಿಕ್ರಿಯಾ ಗುಣಾಂಕದೊಂದಿಗೆ (ಪೀಕ್‌ನ ವಿಸ್ತೀರ್ಣವನ್ನು ತೂಕಕ್ಕೆ ಬದಲಿಸುವ ಸಂಖ್ಯೆ) ನಿಜವಾದ ತೂಕದ ಪ್ರಮಾಣವನ್ನು ಲೆಕ್ಕ ಹಾಕಬೇಕು. ಜೊತೆಗೆ 20 ಡಿಗ್ರಿಯಲ್ಲಿ ಒಂದು ಪಾಲು ಎಣ್ಣೆಗೆ ಶೇ. 70ರ ಆಲ್ಕೊಹಾಲ್ ಐದು ಪಾಲು ಸೇರಿಸಿ ನೋಡಿ: ಶುದ್ಧ ಎಣ್ಣೆ ತಿಳಿಯಾಗಿ ಕರಗುತ್ತದೆ, ಹರಳೆಣ್ಣೆ ಸೇರಿದ್ದರೆ ದ್ರಾವಣ ಮಬ್ಬಾಗುತ್ತದೆ. ಈ ಪರೀಕ್ಷೆಯ ಫಲಿತಾಂಶವನ್ನು ಯಂತ್ರ ಕೊಟ್ಟ ಪೀಕ್‌ಗಳ ನಕ್ಷೆಯಾದ ಕ್ರೊಮ್ಯಾಟೋಗ್ರಾಮ್‌ನೊಂದಿಗೇ ಲಗತ್ತಿಸಿ, ಅಂಕಿಗಳು ವಿಸ್ತೀರ್ಣದ ಲೆಕ್ಕವೋ ತೂಕದ ಲೆಕ್ಕವೋ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ನಮೂದಿಸಿ.