ಮೂವತ್ತು ತಂಡಗಳಿಗೆ 2430 ಗೆಲುವು ಹಂಚಿದ ನನ್ನ ಅನುಭವ

2025ರ ಮಾರ್ಚ್ ಕೊನೆಯ ವಾರ ನಮ್ಮ ಕಚೇರಿಯ ಊಟದ ಕೋಣೆಯ ಗೋಡೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೂವತ್ತು ತಂಡಗಳು ಆ ವರ್ಷ ಎಷ್ಟೆಷ್ಟು ಪಂದ್ಯ ಗೆಲ್ಲುತ್ತವೆ ಎಂಬ ಇಪ್ಪತ್ತೆರಡು ಜನರ ಊಹೆಯ ಪಟ್ಟಿಗಳನ್ನು ಅಂಟಿಸಿದಾಗ, ನನ್ನ ಪಟ್ಟಿಯ ಮುಂದೆ ನಿಂತು ನಕ್ಕವರೇ ಹೆಚ್ಚು. ಡಾಡ್ಜರ್ಸ್ ತಂಡಕ್ಕೆ ಬಹುತೇಕ ಎಲ್ಲರೂ 105ರಿಂದ 115 ಗೆಲುವು ಬರೆದಿದ್ದರೆ ನಾನು 96 ಬರೆದಿದ್ದೆ. ಹಿಂದಿನ ವರ್ಷ 121 ಪಂದ್ಯ ಸೋತಿದ್ದ ಶಿಕಾಗೋ ವೈಟ್ ಸಾಕ್ಸ್‌ಗೆ ಅವರು 45ರ ಆಸುಪಾಸು ಕೊಟ್ಟಿದ್ದರೆ ನಾನು 57 ಕೊಟ್ಟಿದ್ದೆ. ಕ್ರಿಕೆಟ್ ದೇಶದಿಂದ ಬಂದವನಿಗೆ ಯಾರ ಮನಸ್ಸನ್ನೂ ನೋಯಿಸಲು ಇಷ್ಟವಿಲ್ಲ ಎಂದು ಮೆಟ್ಸ್ ಅಭಿಮಾನಿಯೊಬ್ಬರು ಆಡಿಕೊಂಡರು. ಸೆಪ್ಟೆಂಬರ್ ಮುಗಿದಾಗ ಡಾಡ್ಜರ್ಸ್ ಗೆದ್ದದ್ದು 93, ವೈಟ್ ಸಾಕ್ಸ್ ಗೆದ್ದದ್ದು 60. ಆ ಮೆಟ್ಸ್ ಅಭಿಮಾನಿ ತಮ್ಮ ತಂಡಕ್ಕೆ ನೂರಕ್ಕೂ ಹೆಚ್ಚು ಬರೆದಿದ್ದರು. ಅದು 83ಕ್ಕೆ ನಿಂತಿತು.

ನಮ್ಮ ಪಂತದ ನಿಯಮ ಸರಳವಾದದ್ದು. ತಲೆಗೆ 40 ಡಾಲರ್ ಹಾಕಿ, ಮೊದಲ ಪಂದ್ಯಕ್ಕೆ ಮುಂಚೆ ಮೂವತ್ತೂ ತಂಡಗಳ ಗೆಲುವನ್ನು ಬರೆದುಕೊಡಬೇಕು. ಋತು ಮುಗಿದ ಮೇಲೆ ಪ್ರತಿ ತಂಡದ ಊಹೆಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವರಿಗೆ ಒಟ್ಟು ಹಣದಲ್ಲಿ ನೂರಕ್ಕೆ ಅರವತ್ತು ಪಾಲು ಸಲ್ಲುತ್ತದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಅರ್ಧ ಕಚೇರಿ ಯಾಂಕೀಸ್, ಉಳಿದರ್ಧ ಮೆಟ್ಸ್, ದಕ್ಷಿಣದ ಕಡೆಯಿಂದ ಬರುವ ನಾಲ್ಕಾರು ಜನ ಫಿಲೀಸ್. ಯಾವ ತಂಡದ ಮೇಲೂ ಹುಟ್ಟಿನ ಮೋಹವಿಲ್ಲದ ದಾವಣಗೆರೆಯವನು ನಾನೊಬ್ಬನೇ ಆದ್ದರಿಂದ ಗೆಲ್ಲುವುದು ಸುಲಭ ಎಂದುಕೊಂಡು 2019ರಲ್ಲಿ ಕೈಹಾಕಿದೆ.

ಮೊದಲ ವರ್ಷ ಮಾಡಿದ ತಪ್ಪನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಮೂವತ್ತು ತಂಡ, ತಂಡಕ್ಕೆ 162 ಪಂದ್ಯ. ಅಲ್ಲಿಗೆ ಹಂಚಲು ಇರುವುದು 2430 ಗೆಲುವು ಮಾತ್ರ, ಸರಾಸರಿ 81. ನನ್ನ ಪಟ್ಟಿಯನ್ನು ಕೂಡಿಸಿದರೆ 2490ರ ಹತ್ತಿರ ಬರುತ್ತಿತ್ತು. ಯಾರೂ ಸೋಲದೆ ಅರವತ್ತು ಪಂದ್ಯಗಳನ್ನು ಗೆಲ್ಲಿಸಿಬಿಟ್ಟಿದ್ದೆ! ಸಾಲದ್ದಕ್ಕೆ ಆ ವರ್ಷ ತಾರಾ ಬ್ಯಾಟರ್ ಬ್ರೈಸ್ ಹಾರ್ಪರ್ ಬಂದರೆಂದು ಫಿಲೀಸ್‌ಗೆ 95 ಕೊಟ್ಟಿದ್ದೆ. ಅವರು ಗೆದ್ದದ್ದು ಸರಿಯಾಗಿ 81. ಇಂದಿಗೂ ಕಚೇರಿಯಲ್ಲಿ ಯಾರ ಪಟ್ಟಿ ಕೈಗೆ ಸಿಕ್ಕಿದರೂ ನಾನು ಮೊದಲು ಮಾಡುವ ಕೆಲಸ ಮೂವತ್ತೂ ಸಂಖ್ಯೆಗಳನ್ನು ಕೂಡಿಸುವುದು. 2430ಕ್ಕೆ ಸರಿಹೊಂದುವ ಪಟ್ಟಿ ಐದಾರಕ್ಕಿಂತ ಹೆಚ್ಚು ಸಿಗುವುದಿಲ್ಲ, ಉಳಿದವು ಯಾವಾಗಲೂ ಹೆಚ್ಚಿನ ಕಡೆಗೇ ವಾಲಿರುತ್ತವೆ.

ಹಣ ಹೋದ ಕಥೆ 2021ರದ್ದು. ನ್ಯೂಜೆರ್ಸಿಯಲ್ಲಿ ಕ್ರೀಡಾ ಬೆಟ್ಟಿಂಗ್ 2018ರಿಂದ ಕಾನೂನುಬದ್ಧವಾಗಿರುವುದರಿಂದ, ಎಕ್ಸೆಲ್ ಹಾಳೆಯಲ್ಲಿ ಇಷ್ಟು ಬೆವರು ಸುರಿಸಿದವನು ನಾಲ್ಕು ಕಾಸು ಏಕೆ ಮಾಡಬಾರದು ಎನ್ನಿಸಿತು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಗೆರೆ, ಎಂದರೆ ಅದಕ್ಕಿಂತ ಮೇಲೋ ಕೆಳಗೋ ಎಂದು ಹಣ ಕಟ್ಟಲು ಬೆಟ್ಟಿಂಗ್ ಕಂಪನಿ ಇಡುವ ಗೆಲುವಿನ ಸಂಖ್ಯೆ, 75ರ ಆಸುಪಾಸಿನಲ್ಲಿತ್ತು. ನನ್ನ ಹಾಳೆ 71 ಎನ್ನುತ್ತಿತ್ತು. ಗೆರೆಗಿಂತ ಕೆಳಗೆ ಎಂದು 220 ಡಾಲರ್ ಕಟ್ಟಿದೆ. ಜೈಂಟ್ಸ್ ಆ ವರ್ಷ ಗೆದ್ದದ್ದು 107. ಋತು ಮುಗಿಯಲು ತಿಂಗಳಿಗೂ ಹೆಚ್ಚು ಉಳಿದಿರುವಾಗಲೇ ನನ್ನ ಚೀಟಿ ಸತ್ತಿತ್ತು. ಇಂಥವೇ ಇನ್ನು ಮೂರು ಸೇರಿ ಆ ವರ್ಷ ಸುಮಾರು 600 ಡಾಲರ್ ಕಳೆದುಕೊಂಡೆ. 110 ಕಟ್ಟಿದರೆ 100 ಲಾಭ ಕೊಡುವ ಲೆಕ್ಕದಲ್ಲಿ ನೂರಕ್ಕೆ ಐವತ್ತೆರಡೂವರೆ ಸಲ ಗೆದ್ದರೆ ಅಸಲು ಉಳಿಯುತ್ತದೆ, ಮೇಲಾಗಿ ದುಡ್ಡು ಏಳು ತಿಂಗಳು ಬಡ್ಡಿಯಿಲ್ಲದೆ ಅವರ ಬಳಿಯೇ ಇರುತ್ತದೆ. ಇದನ್ನು ಕಟ್ಟುವ ಮುಂಚೆ ಲೆಕ್ಕ ಹಾಕಬೇಕಾಗಿದ್ದವನು ನಾನೇ, ಇನ್ನೊಬ್ಬರನ್ನು ದೂರಿ ಪ್ರಯೋಜನವಿಲ್ಲ. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಕಣ್ಣು ತೆರೆಸಿದ್ದು 2023. ಆ ಹೊತ್ತಿಗೆ ನನ್ನ ಹಾಳೆ ಹನ್ನೊಂದು ಪುಟಗಳಷ್ಟು ಬೆಳೆದಿತ್ತು. ಪಂದ್ಯದ ನಡುವೆ ಬಂದು ಚೆಂಡು ಎಸೆಯುವವರ ಗುಂಪಾದ ಬುಲ್‌ಪೆನ್‌ಗೊಂದು, ಕ್ಷೇತ್ರರಕ್ಷಣೆಗೊಂದು, ಋತುವಿಗೆ ಮುಂಚಿನ ಅಭ್ಯಾಸ ಪಂದ್ಯಗಳಾದ ಸ್ಪ್ರಿಂಗ್ ಟ್ರೇನಿಂಗ್ ಅಂಕಿಗಳಿಗೊಂದು. ಅದೇ ವರ್ಷ ವೇಳಾಪಟ್ಟಿ ಬದಲಾಗಿ ತಂಡವೊಂದು ತನ್ನ ಐದು ತಂಡಗಳ ವಿಭಾಗದೊಳಗೆ ಆಡುವ ಪಂದ್ಯಗಳು 76ರಿಂದ 52ಕ್ಕೆ ಇಳಿದದ್ದನ್ನು ಓದಿಯೂ ಹಾಳೆಯಲ್ಲಿ ಪ್ರತಿ ಎದುರಾಳಿಗೆ ಹಳೆಯ 19 ಪಂದ್ಯವನ್ನೇ ಬಿಟ್ಟಿದ್ದೆ, 13 ಮಾಡಲಿಲ್ಲ. ಅಮೆರಿಕನ್ ಲೀಗ್ ಪೂರ್ವ ವಿಭಾಗದ ಬಲವಾದ ತಂಡಗಳು ಪರಸ್ಪರ ಹೊಡೆದುಕೊಂಡು ಕೆಳಗಿಳಿಯುತ್ತವೆ ಎಂಬ ಲೆಕ್ಕ ಹೀಗೆ ಉಳಿದುಕೊಂಡಿತು. ಆ ವಿಭಾಗದ ಓರಿಯೋಲ್ಸ್ 101, ರೇಸ್ 99 ಗೆದ್ದದ್ದಕ್ಕೆ ಇದೊಂದೇ ಕಾರಣವಲ್ಲವಾದರೂ ನನ್ನ ತಪ್ಪಿಗೆ ಇದು ತುಪ್ಪ ಸುರಿಯಿತು.

ಆ ಬಾರಿ ಎಂಟು ವರ್ಷದ ಮಗಳು ತನಗೂ ಒಂದು ಪಟ್ಟಿ ಬೇಕೆಂದು ಹಟ ಹಿಡಿದಳು. ಯಾವ ತಂಡವೂ ಗೊತ್ತಿಲ್ಲದ ಅವಳಿಗೆ ಎಲ್ಲಕ್ಕೂ 81 ಬರೆದುಬಿಡು ಎಂದು ನಾನೇ ತಮಾಷೆಗೆ ಹೇಳಿದೆ. ಅಕ್ಟೋಬರಿನಲ್ಲಿ ಕೂಡಿಸಿದರೆ ಅವಳ ವ್ಯತ್ಯಾಸ ಸರಿಯಾಗಿ 300, ನನ್ನದು 290ರಷ್ಟು. ಕಚೇರಿಯ ಎಂಟೊಂಬತ್ತು ಜನರನ್ನು ಆ ಪಟ್ಟಿ ಹಿಂದೆ ಹಾಕಿತ್ತು. "ಏನ್ರೀ, ನಾಲ್ಕು ತಿಂಗಳು ರಾತ್ರಿ ಹನ್ನೆರಡರವರೆಗೆ ಕೂತದ್ದು ಈ ಹತ್ತಕ್ಕಾ?" ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿಯೇ ಇನ್ನೆರಡು ಲೆಕ್ಕ ಮಾಡಿದೆ. 2022ರ ಗೆಲುವುಗಳನ್ನು ಹಾಗೆಯೇ ನಕಲು ಮಾಡಿ 2023ರ ಊಹೆ ಎಂದು ಕೊಟ್ಟಿದ್ದರೆ ವ್ಯತ್ಯಾಸ 340. ಅಂದರೆ ಹಿಂದಿನ ವರ್ಷವನ್ನು ನಂಬಿದವನು ಏನೂ ತಿಳಿಯದ ಮಗುವಿಗಿಂತ ಕಡೆಯಾಗುತ್ತಿದ್ದ. ಆದರೆ ಹಿಂದಿನ ವರ್ಷದ ಗೆಲುವಿಗೂ 81ಕ್ಕೂ ನಡುವಿನ ಸಂಖ್ಯೆಯನ್ನು, ಎಂದರೆ 101 ಗೆದ್ದವರಿಗೆ 91, 65 ಗೆದ್ದವರಿಗೆ 73 ಎಂದು ಬರೆದಿದ್ದರೆ ವ್ಯತ್ಯಾಸ 275ಕ್ಕೆ ಇಳಿಯುತ್ತಿತ್ತು. ಐದು ನಿಮಿಷದ ಕೆಲಸ ನನ್ನ ಹನ್ನೊಂದು ಪುಟಗಳನ್ನು ಸೋಲಿಸಿತ್ತು. ನಡುವಿಗೆ ಎಳೆಯಬೇಕೆಂಬುದು ನಮಗೆಲ್ಲ ಗೊತ್ತಿರುವ ಮಾತೇ. ಎಷ್ಟು ಗಟ್ಟಿಯಾಗಿ ಎಳೆಯಬೇಕೆಂಬುದು ಮಾತ್ರ ನನಗೆ ಅಲ್ಲಿಯವರೆಗೆ ಅರಿವಾಗಿರಲಿಲ್ಲ. ನಾಣ್ಯವನ್ನು 162 ಸಲ ಚಿಮ್ಮಿದರೂ 81ರ ಆಚೀಚೆ ಆರಕ್ಕೂ ಮಿಕ್ಕಿದ ಮಾನಕ ವಿಚಲನೆ ಇರುವಾಗ, ಪ್ರತಿ ತಂಡದ ನಿಜವಾದ ಬಲವನ್ನು ಕರಾರುವಾಕ್ಕಾಗಿ ಬಲ್ಲವನಿಗೂ ಮೂವತ್ತು ತಂಡಗಳ ಮೇಲೆ ಸುಮಾರು 150 ತಪ್ಪು ಬಂದೇ ಬರುತ್ತದೆ. ನಾವು ಗುದ್ದಾಡುವುದೆಲ್ಲ ಆ 150ಕ್ಕೂ 300ಕ್ಕೂ ನಡುವಿನ ಜಾಗಕ್ಕಾಗಿ.

ಹಾಳೆಯ ಎಂಟು ಪುಟಗಳನ್ನು ಅಳಿಸಿಹಾಕಿದೆ. ಸ್ಪ್ರಿಂಗ್ ಟ್ರೇನಿಂಗ್ ಪುಟ ಮೊದಲು ಹೋಯಿತು. ಅರಿಜೋನಾದಲ್ಲೋ ಫ್ಲಾರಿಡಾದಲ್ಲೋ ಮಾರ್ಚ್‌ನಲ್ಲಿ ಯಾರು ಎಷ್ಟು ಹೊಡೆದರು ಎಂಬುದರಿಂದ ನನಗೆ ಒಂದು ಗೆಲುವಿನ ಲಾಭವೂ ಆದದ್ದಿಲ್ಲ. ಗೆಲುವಿನ ಬದಲು ರನ್‌ಗಳಿಂದಲೇ ಹೊರಡುವುದೆಂದು ನಿಶ್ಚಯಿಸಿ, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ಗೆಲುವನ್ನು ಅಂದಾಜಿಸುವ ಬಿಲ್ ಜೇಮ್ಸ್ ಸೂತ್ರವನ್ನು 1.83 ಘಾತದೊಂದಿಗೆ ಇಟ್ಟುಕೊಂಡೆ. ಆಟಗಾರರ ಅಂದಾಜಿಗೆ ಸ್ಟೀಮರ್ ಮತ್ತು ಜಿಪ್ಸ್ ಎಂಬ ಸಿದ್ಧ ಮುನ್ನಂದಾಜುಗಳು ಸಾಕು, ಅವುಗಳಿಗಿಂತ ಚೆನ್ನಾಗಿ ನಾನು ಮಾಡಲಾರೆ. ನನ್ನ ಶ್ರಮವನ್ನೆಲ್ಲ ಸುರಿದದ್ದು ಯಾರು ಎಷ್ಟು ಇನ್ನಿಂಗ್ಸ್ ಎಸೆಯುತ್ತಾರೆ ಎಂಬುದರ ಮೇಲೆ.

ಪಂದ್ಯಕ್ಕೆ ಹೆಚ್ಚುಕಡಿಮೆ ಒಂಬತ್ತರಂತೆ ತಂಡವೊಂದರ ಪಿಚರ್‌ಗಳು, ಎಂದರೆ ಚೆಂಡು ಎಸೆಯುವವರು, ವರ್ಷಕ್ಕೆ ಸುಮಾರು 1440 ಇನ್ನಿಂಗ್ಸ್ ಎಸೆಯಬೇಕು. ಪಂದ್ಯವನ್ನು ಆರಂಭಿಸುವ ಐದು ಪಿಚರ್‌ಗಳ, ಎಂದರೆ ಸ್ಟಾರ್ಟರ್‌ಗಳ ಹೆಸರು ನೋಡಿ ಎಲ್ಲರೂ ಅಂಕಿ ಬರೆಯುತ್ತಾರೆ. ಆದರೆ ಆ ಐವರೇ 162 ಪಂದ್ಯಗಳನ್ನೂ ಆರಂಭಿಸುವ ತಂಡ ಎಲ್ಲಿದೆ? ಆರನೆಯವನಿಂದ ಹತ್ತನೆಯವನವರೆಗೆ ಇರುವ, ಯಾರ ಅಂಗಿಯ ಬೆನ್ನ ಮೇಲೂ ಹೆಸರು ಕಾಣದ ಹುಡುಗರೇ ನನ್ನ ಹಾಳೆಯ ಜೀವಾಳ. ಮೊಣಕೈ ಶಸ್ತ್ರಚಿಕಿತ್ಸೆಯಾದ ಪಿಚರ್‌ನ ಇನ್ನಿಂಗ್ಸ್‌ನಲ್ಲಿ ನಾನು ಎಷ್ಟು ಭಾಗ ಕಡಿತ ಮಾಡುತ್ತೇನೆ, ವಯಸ್ಸಿನೊಂದಿಗೆ ಅದನ್ನು ಹೇಗೆ ಬದಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಚೇರಿಯಲ್ಲಿ ಕನ್ನಡ ಓದಬಲ್ಲ ಇನ್ನೊಬ್ಬರು ಈಚೆಗೆ ಸೇರಿದ್ದಾರೆ. ಡಾಡ್ಜರ್ಸ್‌ಗೆ 96 ಬಂದದ್ದು ಈ ಕಡಿತದಿಂದಲೇ. ಅವರ ಪಿಚರ್‌ಗಳಾದ ಸ್ನೆಲ್, ಗ್ಲಾಸ್ನೌ, ಸಸಾಕಿ ಮೂವರೂ 2025ರಲ್ಲಿ ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗುಳಿದಾಗ ಕಚೇರಿಯಲ್ಲಿ ಎಲ್ಲರೂ ದುರದೃಷ್ಟ ಎಂದರು. ಒಬ್ಬೊಬ್ಬರ ಮಟ್ಟಿಗೆ ಅದು ದುರದೃಷ್ಟವೇ ಇರಬಹುದು, ಮೂವರಿಗೂ ಸೇರಿಸಿ ನೋಡಿದರೆ ನಾನು ಕಡಿತ ಮಾಡಿದ್ದಕ್ಕಿಂತ ಸ್ವಲ್ಪವೇ ಹೆಚ್ಚು.

ರನ್‌ಗಳಿಂದ ಹೊರಟ ಮೊದಲ ಫಲ 2024ರಲ್ಲೇ ಸಿಕ್ಕಿತ್ತು. 2023ರಲ್ಲಿ ಪ್ಯಾಡ್ರೆಸ್ ಎದುರಾಳಿಗಳಿಗಿಂತ 104 ರನ್ ಹೆಚ್ಚು ಗಳಿಸಿಯೂ 82 ಮಾತ್ರ ಗೆದ್ದಿದ್ದರು. ಒಂದು ರನ್ನಿನ ಅಂತರದ ಪಂದ್ಯಗಳಲ್ಲಿ 9 ಗೆದ್ದು 23 ಸೋತಿದ್ದರು. ಮಾರ್ಲಿನ್ಸ್ ಅದೇ ವರ್ಷ 57 ರನ್ ಕಡಿಮೆ ಗಳಿಸಿಯೂ ಅಂಥ ಪಂದ್ಯಗಳಲ್ಲಿ 33 ಗೆದ್ದು 14 ಸೋತು, 84 ಗೆಲುವಿನೊಂದಿಗೆ ಮುಂದಿನ ಸುತ್ತಿಗೇ ಹೋಗಿದ್ದರು. ತಾರಾ ಬ್ಯಾಟರ್ ಹುವಾನ್ ಸೋಟೊ ಯಾಂಕೀಸ್‌ಗೆ ಹೋದ ಮೇಲೆ ಪ್ಯಾಡ್ರೆಸ್ ಕಥೆ ಮುಗಿಯಿತೆಂದು ಎಲ್ಲರೂ 78, 80 ಎಂದು ಬರೆದರೆ ನಾನು 87 ಕೊಟ್ಟೆ, ಮಾರ್ಲಿನ್ಸ್‌ಗೆ 73. ಪ್ಯಾಡ್ರೆಸ್ 93, ಮಾರ್ಲಿನ್ಸ್ 62. ಎರಡೂ ಕಡೆ ದಿಕ್ಕು ಸರಿ, ಧೈರ್ಯ ಸಾಲದು. ಆ ವರ್ಷ ಎರಡನೆಯವನಾಗಿ ಬಂದು ಹಾಕಿದ ಹಣದ ಮೂರರಷ್ಟು ಪಡೆದೆ. ಮೊದಲ ಸ್ಥಾನ ತಪ್ಪಿಸಿದ್ದು ವೈಟ್ ಸಾಕ್ಸ್: ನಾನು ಕೊಟ್ಟ 64ಕ್ಕೆ ಅವರು ಗೆದ್ದದ್ದು 41.

ಹಾಗಿದ್ದರೂ ಮರುವರ್ಷ ಅದೇ ತಂಡಕ್ಕೆ ಧಾರಾಳವಾಗಿ 57 ಕೊಟ್ಟದ್ದು ಹಟದಿಂದಲ್ಲ. 507 ರನ್ ಗಳಿಸಿ 813 ಬಿಟ್ಟುಕೊಟ್ಟ ತಂಡ ಸೂತ್ರದ ಪ್ರಕಾರ 48 ಗೆಲ್ಲಬೇಕಿತ್ತು. ಅಲ್ಲಿಂದ 81ರ ಕಡೆಗೆ ಎಳೆದರೆ ಐವತ್ತರ ಕೊನೆಗೆ ಬರಲೇಬೇಕು.

ಪಕ್ಕದ ಪ್ರಯೋಗಗಳಲ್ಲಿ ಕಳೆದ ವಾರಾಂತ್ಯಗಳಿಗೆ ಲೆಕ್ಕವಿಲ್ಲ. 2025ರಲ್ಲಿ ಅಥ್ಲೆಟಿಕ್ಸ್ ಸ್ಯಾಕ್ರಮೆಂಟೋಗೆ ಹೋದರು. ಮಿಲ್ಟನ್ ಚಂಡಮಾರುತ ತಮ್ಮ ಮೈದಾನದ ಛಾವಣಿಯನ್ನು ಹರಿದುಹಾಕಿದ್ದರಿಂದ ರೇಸ್ ಟ್ಯಾಂಪಾದ ಸ್ಟೈನ್‌ಬ್ರೆನರ್ ಮೈದಾನದಲ್ಲಿ ಆಡಿದರು. ಎರಡೂ ಚಿಕ್ಕ ಮೈದಾನಗಳಿಗೆ ಗಾಳಿ, ಸೆಖೆ, ಗೋಡೆಯ ದೂರ ಎಂದು ಎರಡು ವಾರಾಂತ್ಯ ಕೂತು, ಮೈದಾನದಿಂದ ರನ್ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ ತಯಾರಿಸಿದ ಮೇಲೆ ಹೊಳೆಯಿತು: ಮೈದಾನ ರನ್ ಹೆಚ್ಚಿಸಿದರೆ ಎರಡೂ ತಂಡಗಳಿಗೆ ಹೆಚ್ಚಿಸುತ್ತದೆ, ಗೆಲುವಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ವಜಾ ಆಗುತ್ತದೆ. ಇದೇ ಹಾಳೆಯನ್ನು ಐಪಿಎಲ್‌ಗೂ ಒಡ್ಡಿ ನೋಡಿದೆ. ತಂಡಕ್ಕೆ ಹದಿನಾಲ್ಕೇ ಪಂದ್ಯ, ಮೆಗಾ ಹರಾಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ಅದಲುಬದಲು; ಹತ್ತೂ ತಂಡಗಳು ಆರೂವರೆಯಿಂದ ಏಳೂವರೆ ಗೆಲುವಿನ ನಡುವೆ ಮುದುಡಿ ಕುಳಿತವು. ಅದೇ ವರ್ಷ ಆರ್‌ಸಿಬಿ ಕಪ್ ಗೆದ್ದದ್ದನ್ನು ನನ್ನ ಹಾಳೆ ಹೇಳಲಿಲ್ಲ, ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

2025ರ ಒಟ್ಟು ವ್ಯತ್ಯಾಸ ನೆನಪಿನ ಪ್ರಕಾರ 214 ಅಥವಾ 216. ಎರಡನೆಯವರು 240 ದಾಟಿದ್ದರು. ಬ್ರೇವ್ಸ್‌ಗೆ 90 ಬರೆದು 76ಕ್ಕೆ ಬೇಸ್ತು ಬಿದ್ದದ್ದು, ಬ್ಲೂ ಜೇಸ್‌ಗೆ 82 ಬರೆದು 94 ನೋಡಿದ್ದು ಇದರಲ್ಲೇ ಸೇರಿದೆ. ಕೈಗೆ ಬಂದದ್ದು 528 ಡಾಲರ್. ಹಳೆಯ 600, ಏಳು ವರ್ಷದ ಪಂತದ ಹಣ, ಚಂದಾ ಹಣ ಕಳೆದರೆ ಇನ್ನೂ ನಾನೇ ನಾಲ್ಕುನೂರು ಹಿಂದಿದ್ದೇನೆ.

ಈಗ ತಲೆ ತಿನ್ನುತ್ತಿರುವುದು ಕೊಲರಾಡೋ ರಾಕೀಸ್. 2025ರಲ್ಲಿ ಅವರು ಗೆದ್ದದ್ದು 43. ವೈಟ್ ಸಾಕ್ಸ್‌ನಂತೆ ಇವರಿಗೂ ಅದೃಷ್ಟ ಕೈಕೊಟ್ಟಿರಬಹುದೆಂದು ಹಾಳೆ ತೆರೆದರೆ 597 ರನ್ ಗಳಿಸಿ 1021 ಬಿಟ್ಟುಕೊಟ್ಟಿದ್ದಾರೆ. ಸೂತ್ರವೂ 44 ಎನ್ನುತ್ತದೆ. ಅವರ ಆರರಿಂದ ಹತ್ತರವರೆಗಿನ ಪಿಚರ್‌ಗಳ ಹೆಸರು ಬರೆಯಲು ಹೋದವನು, ಮೊದಲ ಐವರನ್ನೇ ಅಲ್ಲಿ ಬರೆಯಬೇಕೇನೋ ಎಂದು ಪೆನ್ಸಿಲ್ ಕೆಳಗಿಟ್ಟಿದ್ದೇನೆ.