ಅಜ್ಜನ ಹೆಸರಿಗಿಂತ ಮೊದಲು ಹೊಲದ ನಂಬರ್ ಹುಡುಕಿದೆ

ನಮ್ಮ ಮುತ್ತಜ್ಜನ ತಂದೆ ತುಮಕೂರು ಸೀಮೆಯ ರೈತ. ಧಾತು, ಈಶ್ವರ ಅನ್ನುವ ಎರಡು ಸಂವತ್ಸರಗಳಲ್ಲಿ ಬಿದ್ದ ಬರದಲ್ಲಿ ತೀರಿಕೊಂಡರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಿರಲಿಲ್ಲ. ಅವರ ಹಿರಿಯರು ಎಲ್ಲಿಯವರು, ಅವರು ಹೋದ ಮೇಲೆ ಮನೆ ಹೇಗೆ ಉಳಿಯಿತು? ಇದು ತಿಳಿಯಲೇಬೇಕು ಅನ್ನಿಸಿ ಹುಡುಕಲು ಹೊರಟೆ.

ಆ ಕಾಲದ ರೈತನ ಹುಟ್ಟು, ಮದುವೆ, ಸಾವು ಬರೆದಿಟ್ಟ ಪುಸ್ತಕ ನಮ್ಮ ಹಳ್ಳಿಗಳಲ್ಲಿ ಸಿಗುವುದು ಬಹಳ ಅಪರೂಪ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೂ 1881ರಲ್ಲೂ ಜನಗಣತಿ ಆಯಿತು. ಅಚ್ಚಾದ ವರದಿಗಳಲ್ಲಿ ಇರುವುದು ತಲೆ ಲೆಕ್ಕ, ಹೆಸರಲ್ಲ. ಆ ಲೆಕ್ಕವೇ ಎದೆ ನಡುಗಿಸುತ್ತದೆ. ಸುಮಾರು 50 ಲಕ್ಷ ಇದ್ದ ಜನ ಹತ್ತು ವರ್ಷದಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ನಡುವೆ ಬಂದು ಹೋದದ್ದು 1876–78ರ ಆ ಬರ.

ಹೆಸರು ಸಿಗುವುದು ಕಂದಾಯದ ಕಾಗದದಲ್ಲಿ. ಸರ್ಕಾರಕ್ಕೆ ಬೇಕಾಗಿದ್ದದ್ದು ಹೊಲ, ಹೊಲಕ್ಕೆ ಕಂದಾಯ ಕಟ್ಟುವವನು. ಹಾಗಾಗಿ ಮನುಷ್ಯನನ್ನು ಬಿಟ್ಟು ಅವನು ಉತ್ತ ಹೊಲವನ್ನು ಹಿಡಿಯಬೇಕು.

ಈಗಿನ ಪಹಣಿಯಿಂದ ಹಿಂದಕ್ಕೆ ಹೋದೆ. ಪಹಣಿಯಲ್ಲಿ ಸರ್ವೆ ನಂಬರ್, ಹಿಸ್ಸಾ ಇರುತ್ತದೆ. ಹಿಸ್ಸಾ ಅಂದರೆ ಮನೆ ಭಾಗವಾದ ಗುರುತು ಅಲ್ವಾ, ಅದು ಯಾವಾಗ ಆಯಿತು ಅಂತ ಮ್ಯುಟೇಷನ್, ಅಂದರೆ ಖಾತೆ ಬದಲಾದ ದಾಖಲೆ, ಹೇಳುತ್ತದೆ. ಅದರ ಹಿಂದೆ ಜಮೀನುಗಳ ಪಟ್ಟಿಯಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಕ್ಕು ದಾಖಲೆಯ ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕ. ಇವನ್ನೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ನಕಲು ತೆಗೆಸಬಹುದು. ಇನ್ನೂ ಹಿಂದಿನದಕ್ಕೆ ಸರ್ವೆ ಇಲಾಖೆಗೆ ಹೋಗಬೇಕು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆ ಅಳತೆಯ ಟಿಪ್ಪಣಿ, ಹೊಲವಾರು ವಿವರ ಬರೆದ ಖೇತವಾರು ಪತ್ರಿಕೆ ಎಷ್ಟೋ ಊರುಗಳದ್ದು ಇವತ್ತಿಗೂ ಇವೆ. ಟಿಪ್ಪಣಿಯಲ್ಲಿ ಹೊಲದ ಅಳತೆ ಸರಪಳಿ, ಆಣೆಗಳಲ್ಲಿ ಇರುತ್ತದೆ. 33 ಅಡಿಗೆ ಒಂದು ಸರಪಳಿ, ಅದರ ಹದಿನಾರನೇ ಪಾಲು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ.

ಮುತ್ತಜ್ಜನ ತಂದೆಯ ಹೆಸರು ಸರ್ವೆ ಕಾಲದ ಕಾಗದದಲ್ಲಿ ಸಿಕ್ಕಿತು, ‘ಬಿನ್’ (ಇಂಥವರ ಮಗ) ಅಂತ ಹಾಕಿ ಅವರ ತಂದೆಯ ಹೆಸರಿನ ಜೊತೆ. ಮೂರು ಸರ್ವೆ ನಂಬರ್, ಎರಡು ಖುಷ್ಕಿ ಅಂದರೆ ಮಳೆಯಾಶ್ರಿತ ಹೊಲ, ಒಂದು ತರಿ ಅಂದರೆ ನೀರಾವರಿ ಜಮೀನು. ಅದರ ನಂತರದ ಪುಸ್ತಕದಲ್ಲಿ ಅವರಿಲ್ಲ. ಒಂದು ಖುಷ್ಕಿ ಹೊಲದ ಮುಂದೆ ಒಬ್ಬ ಹೆಂಗಸಿನ ಹೆಸರು, ಆಮೇಲೆ ‘ಕೋಂ’ (ಇಂಥವರ ಹೆಂಡತಿ), ಆಮೇಲೆ ಅವರ ಹೆಸರು. ಹೆಂಡತಿಯ ಹೆಸರಿಗೆ ಖಾತೆ ಆಗಿತ್ತು. ನಮ್ಮ ಮನೆಯಲ್ಲಿ ಆ ತಾಯಿಯ ಹೆಸರನ್ನು ಯಾರೂ ಕೇಳಿಯೇ ಇರಲಿಲ್ಲ. ಆ ಸಾಲನ್ನು ಓದಿ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ತರಿ ಜಮೀನು ಏನಾಯಿತು? ಅದೇ ನಂಬರ್ ಹಿಡಿದು ಈಗ ಉಳುತ್ತಿರುವ ಮನೆಯವರನ್ನು ಕೇಳಿದೆ. ಅವರ ಹಳೇ ಪೆಟ್ಟಿಗೆಯಲ್ಲಿ ಕ್ರಯಪತ್ರ ಇತ್ತು, ಪ್ರೀತಿಯಿಂದ ತೋರಿಸಿದರು. ಶಾನುಭೋಗರ ಕೈಬರಹ, ಪದಕ್ಕೆ ಪದ ಅಂಟಿಕೊಂಡ ಮೋಡಿ ಬರಹ. ಶಾನುಭೋಗ ಮನೆತನದ ಹಿರಿಯರೊಬ್ಬರು ಓದಿಕೊಟ್ಟರು. ಬಹುಧಾನ್ಯ ಸಂವತ್ಸರ ಅಂತಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಅದೊಂದನ್ನೇ ನಂಬಿದರೆ 1878 ಆಗಬಹುದು, 1938ಕ್ಕೂ ಹೋಗಬಹುದು. ಪಕ್ಕದಲ್ಲಿ ಶಕ 1800 ಅಂತ ಬರೆದಿದ್ದರು. 78 ಕೂಡಿಸಿದರೆ 1878. ಧಾತು, ಈಶ್ವರ, ಬಹುಧಾನ್ಯ. ಎರಡು ವರ್ಷ ಬರ ತಡೆದುಕೊಂಡು, ಮೂರನೇ ವರ್ಷ ನೀರಾವರಿ ಜಮೀನು ಮಾರಿ, ಆ ತಾಯಿ ಮಕ್ಕಳನ್ನು ಉಳಿಸಿಕೊಂಡಿದ್ದಾರೆ ಅಂತ ನಾನು ಓದಿಕೊಂಡೆ. ಇನ್ನೊಂದು ಖುಷ್ಕಿ ಹೊಲ ಕ್ರಯವಾದ ಕಾಗದ ಇಲ್ಲ. ಹೊಲ ಬೇಡ ಅಂತ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಟ್ಟು ಬಿಟ್ಟಿರಬಹುದು. ಕಂದಾಯ ಕಟ್ಟಲಾಗದವರು ಹೊಲ ಬಿಡುತ್ತಿದ್ದದ್ದು ಹಾಗೆ.

ಸ್ವಂತ ಹೊಲ ಇರದ ಮನೆಗಳವರಿಗೆ ಈ ದಾರಿ ಸಿಗುವುದಿಲ್ಲ, ಇದು ನನಗೆ ನೋವಿನ ಸಂಗತಿ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನವಾದರೆ ಇನಾಂ, ಅಂದರೆ ಊರ ಕೆಲಸಕ್ಕಾಗಿ ಬಿಟ್ಟುಕೊಟ್ಟ ಜಮೀನಿನ ದಾಖಲೆ ಹುಡುಕಿ ನೋಡಿ. ಅಂಥ ಜಮೀನುಗಳನ್ನು ಪರಿಶೀಲಿಸುವ ಇನಾಂ ಕಮಿಷನ್ 1866ರಲ್ಲಿ ಕೆಲಸ ಶುರು ಮಾಡಿತ್ತು.

ಕಾಗದಕ್ಕಿಂತ ಹಿಂದಿನದಕ್ಕೆ ಹೆಳವರು ಬೇಕು. ಎತ್ತಿನ ಮೇಲೆ ಬಂದು ವಂಶ ಹೇಳುವವರು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಬರುತ್ತಾರೆ, ಕಾಳು ಕೊಟ್ಟು ಕೂರಿಸಿಕೊಂಡು ಕೇಳಿದೆ. ತೀರಾ ಹಳೆಯ ತಲೆಮಾರುಗಳಲ್ಲಿ ಹೊಗಳಿಕೆ ಬೆರೆತಿರುತ್ತದೆ, ಅದನ್ನು ಹಾಗೆಯೇ ಒಪ್ಪಲಾರೆ. ಆದರೆ ಸರ್ವೆ ಕಾಗದದಲ್ಲಿದ್ದ ಅಪ್ಪ ಮಗನ ಹೆಸರನ್ನು ನಾನು ಬಾಯಿ ಬಿಡುವ ಮೊದಲೇ ಅವರು ಸರಿಯಾಗಿ ಹೇಳಿದರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಯಾರು ಯಾರ ಮಗ ಅಂತ ಬಿಡಿಸಲು ಈ ತಾಳೆ ಬೇಕೇ ಬೇಕು. ಮೂಲ ಊರು ಅಂತ ಅವರು ಹೇಳಿದ್ದು ನಮ್ಮ ಮನೆದೇವರ ಗುಡಿ ಇರುವ ಊರು. ನಾವು ವರ್ಷಕ್ಕೊಮ್ಮೆ ಅಷ್ಟು ದೂರ ಹೋಗಿ ಹರಕೆ ಸಲ್ಲಿಸುವುದು ಯಾಕೆ ಅಂತ ಆಗ ಗೊತ್ತಾಯಿತು. ನಿಮ್ಮ ಮನೆದೇವರು ದೂರದ ಊರಲ್ಲಿದ್ದರೆ ಅಲ್ಲಿ ಮೊದಲು ವಿಚಾರಿಸಿ.

ಆ ತಾಯಿಯ ತವರು ಇನ್ನೂ ಸಿಕ್ಕಿಲ್ಲ. ಕಂದಾಯದ ಪುಸ್ತಕ ಹೆಂಗಸನ್ನು ಗಂಡನ ಮನೆಯಲ್ಲಿ ಮಾತ್ರ ತೋರಿಸುತ್ತದೆ. ಆದರೆ ನಮ್ಮಲ್ಲಿ ಹೆಣ್ಣು ತರುತ್ತಿದ್ದ ಊರುಗಳು ತಲೆಮಾರಿನಿಂದ ತಲೆಮಾರಿಗೆ ಅವೇ. ದೊಡ್ಡತ್ತೆಯವರನ್ನು ಕೇಳಿ ಆ ಊರುಗಳನ್ನು ಬರೆದುಕೊಂಡಿದ್ದೇನೆ. ಅವುಗಳಲ್ಲಿ ಹತ್ತಿರದ ಊರಿನ ಖೇತವಾರು ಪತ್ರಿಕೆಯ ನಕಲಿಗೆ ಅರ್ಜಿ ಹಾಕಿದ್ದೇನೆ.